ಓದಿದ್ದಕ್ಕೂ ಪಗಾರ: ತೇಲ್ಯಾ ತಿಂದ ತೋಟದಿಂದ ದಿಲ್ಲಿಯ ಪ್ರಯೋಗಾಲಯಕ್ಕೆ

ಜತ್ತ: "ಕಲ್ಯಾಕ ರೊಕ್ಕ ಕಟ್ಟೋದು ಗೊತ್ತದ್ರಿ. ಕಲಿತಾಳಂತ ಸರಕಾರನ ತಿಂಗಳಾ ತಿಂಗಳಾ ಪಗಾರ ಕೊಡ್ತದಂದ್ರ ಯಾರು ನಂಬಬೇಕು? ಯಾರೋ ಹುಡುಗಿಗೆ ಮೋಸ ಮಾಡಾಕತ್ಯಾರ ಅಂತನ ತಿಳಿದಿದ್ದೆ."

ತಾಲೂಕಿನ ಪೂರ್ವ ಭಾಗದ ಹಳ್ಳಿಯೊಂದರ ರೈತರು ಇದನ್ನು ಹೇಳುವಾಗ ಈಗ ನಗುತ್ತಾರೆ. 2024ರಲ್ಲಿ ನಗುವ ಸ್ಥಿತಿ ಇರಲಿಲ್ಲ. ಮೂರು ಎಕರೆ ದಾಳಿಂಬೆ ತೋಟಕ್ಕೆ ತೇಲ್ಯಾ ಬಡಿದು ಗಿಡಗಳನ್ನೆಲ್ಲ ಕಡಿಸಿ ಹಾಕಿದ್ದರು. ಸೊಸಾಯಿಟಿ ಸಾಲ ಹಾಗೇ ನಿಂತಿತ್ತು. ಎಂಎಸ್ಸಿ ಮುಗಿಸಿ ಮನೆಗೆ ಬಂದಿದ್ದ ಹಿರಿಯ ಮಗಳಿಗೆ ವರ ನೋಡುವ ಮಾತು ನಡೆದಿತ್ತು. ಅಂಥ ಹೊತ್ತಿನಲ್ಲಿ ಮಗಳು ದಿಲ್ಲಿಗೆ ಹೋಗಿ ಇನ್ನೂ ಐದು ವರ್ಷ ಓದುತ್ತೇನೆ ಎಂದಾಗ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಇಂದು ಆ ಹುಡುಗಿ ದಿಲ್ಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಜೀವವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ಏಳನೆಯ ಇಯತ್ತೆಯವರೆಗೆ ಊರಿನ ಜಿಲ್ಲಾ ಪರಿಷತ್ ಕನ್ನಡ ಶಾಲೆ, ಆಮೇಲೆ ಕನ್ನಡ ಹೈಸ್ಕೂಲು, ಹನ್ನೊಂದನೆಯ ಇಯತ್ತೆಯಲ್ಲಿ ಒಮ್ಮೆಲೇ ಇಂಗ್ಲಿಷ್ ವಿಜ್ಞಾನ. ಗಡಿ ಭಾಗದ ನೂರಾರು ಮಕ್ಕಳು ನಡೆಯುವ ದಾರಿಯೇ ಇದು. ವ್ಯತ್ಯಾಸವೆಂದರೆ ಬಹುತೇಕರ ದಾರಿ ಬಿಎಡ್‌ಗೋ ಪುಣೆಯ ಕಂಪನಿಗೋ ಹೋಗಿ ನಿಲ್ಲುತ್ತದೆ. ಈಕೆಯ ದಾರಿ ಮುಂದೆ ಹೋಯಿತು. ಕುಟುಂಬದವರು ಹೆಸರು ಹಾಕುವುದು ಬೇಡ ಎಂದಿದ್ದಾರೆ. ಆದರೆ ನಡೆದದ್ದನ್ನು ನಾಲ್ಕು ಮನೆಯವರು ತಿಳಿದರೆ ಒಳ್ಳೆಯದು ಎನ್ನುತ್ತಾರೆ.

ಪಗಾರ ಹೌದೇ?

ಹೌದು. ಅದರ ಹೆಸರು ಜೂನಿಯರ್ ರಿಸರ್ಚ್ ಫೆಲೋಷಿಪ್, ಬಾಯಿಮಾತಿನಲ್ಲಿ ಜೆಆರ್‌ಎಫ್. 2014ರಲ್ಲಿ ಇದು ತಿಂಗಳಿಗೆ 25 ಸಾವಿರ ರೂಪಾಯಿ ಇತ್ತು. 2019ರಲ್ಲಿ 31 ಸಾವಿರ ಆಯಿತು. 2023ರ ಜನವರಿ 1ರಿಂದ 37 ಸಾವಿರ ರೂಪಾಯಿ. ಎರಡು ವರ್ಷದ ಬಳಿಕ ಕೆಲಸ ಪರಿಶೀಲಿಸಿ ಸೀನಿಯರ್ ಫೆಲೋಷಿಪ್‌ಗೆ ಏರಿಸುತ್ತಾರೆ, ಆಗ 42 ಸಾವಿರ. ಎರಡೂ ಸೇರಿ ಒಟ್ಟು ಐದು ವರ್ಷ. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಪುಸ್ತಕ, ರಾಸಾಯನಿಕ, ಪ್ರವಾಸದ ಸಣ್ಣಪುಟ್ಟ ಖರ್ಚಿಗೆ ವರ್ಷಕ್ಕೊಮ್ಮೆ ಇನ್ನಷ್ಟು ಹಣವಿದೆ.

ಜೆಎನ್‌ಯುದಲ್ಲಿ ಟ್ಯೂಷನ್ ಶುಲ್ಕ ವರ್ಷಕ್ಕೆ ಕೆಲವು ನೂರು ರೂಪಾಯಿ ಅಷ್ಟೆ. ಹಾಸ್ಟೆಲ್ ಸಿಕ್ಕರೆ ಮೆಸ್ ಖರ್ಚು ತಿಂಗಳಿಗೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಮಿಕ್ಕದ್ದು ಕೈಯಲ್ಲಿ. ಈ ಹುಡುಗಿ ಮೊದಲ ಸಲ ಊರಿಗೆ ಕಳಿಸಿದ ಹಣ ಸೊಸಾಯಿಟಿಯ ಬಡ್ಡಿಗೆ ಹೋಯಿತು. "ಗಂಡಸ ಮಗ ಕಮಾಯಿ ಮಾಡಿ ಕಳಿಸಿದಂಗ ಆತು" ಎಂದು ಅಜ್ಜಿ ಓಣಿ ತುಂಬ ಹೇಳಿಕೊಂಡು ಬಂದಳಂತೆ.

ಆದರೆ ಒಂದು ಮಾತು. ಸೇರಿದ ಮೊದಲ ತಿಂಗಳಿಗೇ ಹಣ ಖಾತೆಗೆ ಬೀಳುವುದಿಲ್ಲ. ಸೇರ್ಪಡೆ ವರದಿ, ಮಾರ್ಗದರ್ಶಕರ ಸಹಿ, ಬ್ಯಾಂಕಿನ ಕಾಗದಪತ್ರ ಎಲ್ಲ ಮುಗಿಯಬೇಕು. ಮೂರು ನಾಲ್ಕು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೋಗಬೇಕು. ಈ ಮನೆಯಲ್ಲಿ ಅದಕ್ಕಾಗಿ ಒಂದು ಎಮ್ಮೆ ಮಾರಿದರು.

ಎರಡು ದಾರಿ, ಎರಡು ಪರೀಕ್ಷೆ

ಫೆಲೋಷಿಪ್ ಹುಡುಕುವಾಗ ಗಡಿ ಭಾಗದ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲೇ. ನೆಟ್ ಎಂದರೆ ಒಂದೇ ಪರೀಕ್ಷೆ ಎಂದು ತಿಳಿಯುತ್ತಾರೆ. ಹಾಗಲ್ಲ.

ಜೀವವಿಜ್ಞಾನದವರು ಬರೆಯುವುದು ಸಿಎಸ್‌ಐಆರ್-ಯುಜಿಸಿ ನೆಟ್. ಇದರಲ್ಲಿ ಐದೇ ವಿಷಯ: ಜೀವವಿಜ್ಞಾನ, ರಸಾಯನ, ಭೌತ, ಗಣಿತ ಮತ್ತು ಭೂವಿಜ್ಞಾನ. ಕಂಪ್ಯೂಟರ್ ಸೈನ್ಸ್ ಇದರಲ್ಲಿ ಇಲ್ಲ. ಎಂಸಿಎ, ಎಂಎಸ್ಸಿ ಕಂಪ್ಯೂಟರ್ ಮಾಡಿದವರು ಯುಜಿಸಿ ನೆಟ್‌ನಲ್ಲಿ 'ಕಂಪ್ಯೂಟರ್ ಸೈನ್ಸ್ ಅಂಡ್ ಅಪ್ಲಿಕೇಷನ್ಸ್' ವಿಷಯ ಬರೆಯಬೇಕು. ಎರಡನ್ನೂ ನ್ಯಾಷನಲ್ ಟೆಸ್ಟಿಂಗ್ ಏಜೆನ್ಸಿಯೇ ನಡೆಸುತ್ತದೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ.

ಪ್ರಶ್ನೆ ಪತ್ರಿಕೆಯ ಸ್ವರೂಪವೂ ಬೇರೆ. ಜೀವವಿಜ್ಞಾನದ್ದು ಮೂರು ತಾಸು, 200 ಅಂಕ. ಮೊದಲ ಭಾಗ ಸಾಮಾನ್ಯ ಬುದ್ಧಿಮತ್ತೆ: 20 ಪ್ರಶ್ನೆಗಳಲ್ಲಿ 15 ಬಿಡಿಸಬೇಕು. ಎರಡನೆಯದರಲ್ಲಿ 50ಕ್ಕೆ 35. ಮೂರನೆಯದರಲ್ಲಿ 75 ಪ್ರಶ್ನೆಗಳಿದ್ದು 25 ಬರೆದರೆ ಸಾಕು, ಒಂದೊಂದಕ್ಕೂ 4 ಅಂಕ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ. ಯುಜಿಸಿ ನೆಟ್‌ನಲ್ಲಿ 150 ಪ್ರಶ್ನೆ, 300 ಅಂಕ, ಕಡಿತ ಇಲ್ಲ. ಹೀಗಾಗಿ ಯುಜಿಸಿಯಲ್ಲಿ ಒಂದೂ ಪ್ರಶ್ನೆ ಬಿಡಬಾರದು, ಸಿಎಸ್‌ಐಆರ್‌ನಲ್ಲಿ ಗೊತ್ತಿಲ್ಲದ್ದನ್ನು ಮುಟ್ಟಬಾರದು.

ಈ ಎರಡು ವಿಷಯಗಳ ಪ್ರಶ್ನೆ ಬರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. "ಉತ್ತರ ಗೊತ್ತಿರತಿತ್ತು, ಪ್ರಶ್ನೆನ ತಿಳೀತಿರಲಿಲ್ಲ" ಎಂದು ಹುಡುಗಿ ಮೊದಲ ದಿನಗಳನ್ನು ನೆನೆಯುತ್ತಾಳೆ. ಹಳೆಯ ಪ್ರಶ್ನೆ ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು, ತಿಳಿಯದ ವಾಕ್ಯಗಳನ್ನು ಕನ್ನಡದಲ್ಲಿ ಬರೆದುಕೊಂಡು ಓದಿದ್ದೇ ಈಕೆಯ ಕ್ಲಾಸು. ಪುಣೆಯ ಕೋಚಿಂಗ್‌ಗೆ ಹೋಗಲು ಮನೆಯಲ್ಲಿ ಹಣವಿರಲಿಲ್ಲ.

ಒಂದು ರಾತ್ರಿಯಲ್ಲಿ ರದ್ದು

ಈ ಮನೆಯಲ್ಲಿ ನೆಟ್ ಬರೆದವರು ಇಬ್ಬರು. ಕಾಕಾನ ಮಗ ಎಂಎಸ್ಸಿ ಕಂಪ್ಯೂಟರ್ ಮುಗಿಸಿ ಪುಣೆಯ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. 2024ರ ಜೂನ್ 18ರಂದು ಯುಜಿಸಿ ನೆಟ್ ಬರೆದ. ಪೇಪರ್ ಚೆನ್ನಾಗಿ ಹೋಗಿತ್ತು. ಮರುದಿನ ರಾತ್ರಿ ಕೇಂದ್ರ ಶಿಕ್ಷಣ ಸಚಿವಾಲಯ ಇಡೀ ದೇಶದ ಪರೀಕ್ಷೆಯನ್ನೇ ರದ್ದು ಮಾಡಿತು. ಪರೀಕ್ಷೆಯ ಪಾವಿತ್ರ್ಯಕ್ಕೆ ಧಕ್ಕೆ ಬಂದಿರಬಹುದು ಎಂಬುದು ಕಾರಣ. ಅದೇ ವಾರ, ಜೂನ್ 25ರಿಂದ 27ರವರೆಗೆ ನಡೆಯಬೇಕಿದ್ದ ಸಿಎಸ್‌ಐಆರ್ ನೆಟ್ ಕೂಡ ಮುಂದಕ್ಕೆ ಹೋಯಿತು.

"ಅಣ್ಣನ ಫೋನ್ ಬಂತು. ತಂಗಿ, ನಂದು ಹೋತು, ನಿಂದರ ನೋಡ್ಕೋ ಅಂದ. ಎರಡು ದಿನ ಬಿಟ್ಟು ನಂದೂ ಹೋತು" ಎನ್ನುತ್ತಾಳೆ ಹುಡುಗಿ.

ಸಿಎಸ್‌ಐಆರ್ ಪರೀಕ್ಷೆ ಜುಲೈ ಕೊನೆಗೆ ನಡೆಯಿತು. ಯುಜಿಸಿ ಮರುಪರೀಕ್ಷೆ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ, ಈ ಸಲ ಕಂಪ್ಯೂಟರ್ ಮೇಲೆ. ಆ ಮಧ್ಯದ ಎರಡು ತಿಂಗಳು ಮನೆಯವರ ಮಾತು ಬದಲಾಯಿತು. ಎರಡು ಕಡೆಯಿಂದ ಹುಡುಗಿಯನ್ನು ನೋಡಲು ಬಂದು ಹೋದರು. "ಪರೀಕ್ಷೆನ ಖೋಟಾ ಅದಾವ, ಇನ್ನ ಪಗಾರ ಏನ್ ಖರೇ ಇದ್ದೀತು?" ಎಂದು ತಂದೆ ಕೇಳಿದ್ದಕ್ಕೆ ಮಗಳ ಬಳಿ ಉತ್ತರ ಇರಲಿಲ್ಲ. ತಾಯಿ ಮಾತ್ರ "ಇನ್ನೊಂದು ಸಲ ಬರೀಲಿ ಬಿಡ್ರಿ" ಎಂದಳು.

ಕಾಗದದ ಕಥೆ

ಆ ಜುಲೈ ಪರೀಕ್ಷೆಯಲ್ಲಿ ಹುಡುಗಿಗೆ ಜೆಆರ್‌ಎಫ್ ಸಿಗಲಿಲ್ಲ. ಅಂಕಗಳಿಗಿಂತ ಹೆಚ್ಚಾಗಿ ಒಂದು ತಪ್ಪು ತಿಳಿವಳಿಕೆ ಅಡ್ಡ ಬಂತು. ಗಡಿ ಭಾಗದ ಮಹಾರಾಷ್ಟ್ರ ವಾಸಿಗಳೆಲ್ಲ ಇದನ್ನು ಗಮನಿಸಬೇಕು.

ಇವರದು ಧನಗರ ಸಮಾಜ. ಮಹಾರಾಷ್ಟ್ರದಲ್ಲಿ ಈ ಸಮಾಜ ಭಟಕ್ಯಾ ಜಮಾತಿಯಲ್ಲಿ, ಅಂದರೆ ಎನ್‌ಟಿ-ಸಿ ವರ್ಗದಲ್ಲಿ ಬರುತ್ತದೆ. ದಿಲ್ಲಿಯ ಅರ್ಜಿಯಲ್ಲಿ ಎನ್‌ಟಿ ಎಂಬ ಕಾಲಮ್ಮೇ ಇಲ್ಲ. ನಮಗೆ ಅಲ್ಲಿ ಏನೂ ಇಲ್ಲ ಎಂದುಕೊಂಡು ಹುಡುಗಿ ಓಪನ್ ವರ್ಗದಲ್ಲಿ ಅರ್ಜಿ ತುಂಬಿದ್ದಳು. ನಿಜ ಸಂಗತಿ ಬೇರೆ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ರಾಜ್ಯವಾರು ಇದೆ. ಮಹಾರಾಷ್ಟ್ರದ ಪಟ್ಟಿಯಲ್ಲಿ ಧನಗರ ಸಮಾಜ ಒಬಿಸಿ. ಕೇಂದ್ರದ ನಮೂನೆಯ ಜಾತಿ ಪ್ರಮಾಣಪತ್ರ, ಅದರೊಂದಿಗೆ ನಾನ್ ಕ್ರಿಮಿಲೇಯರ್ ಇದ್ದರೆ ಒಬಿಸಿ ಸೌಲಭ್ಯ ಸಿಗುತ್ತದೆ.

ಒಬ್ಬ ಪ್ರಾಧ್ಯಾಪಕರು ಇದನ್ನು ತಿಳಿಸಿದ ಮೇಲೆ ಓಡಾಟ ಶುರುವಾಯಿತು. ಮೊದಲ ಸಲ ರಾಜ್ಯದ ನಮೂನೆಯದೇ ಮತ್ತೊಂದು ಪ್ರತಿ ಕೈಗೆ ಬಂತು. ಎರಡನೆಯ ಸಲ ತಂದೆಯ ಹೆಸರಿನ ಸ್ಪೆಲ್ಲಿಂಗ್ ಶಾಲೆಯ ದಾಖಲೆಗೆ ಹೊಂದಲಿಲ್ಲ. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಮರಾಠಿ ಸಾತ್-ಬಾರಾ ಉತಾರೆಯಲ್ಲಿ ಇನ್ನೊಂದು ರೀತಿ! ಕನ್ನಡ ಮನೆಗಳಿಗೆ ಇದು ಹೊಸದೇನಲ್ಲ. ಅಫಿಡವಿಟ್ ಮಾಡಿಸಿ, ನಾಲ್ಕನೆಯ ಸಲಕ್ಕೆ ಸರಿಯಾದ ಕಾಗದ ಕೈಸೇರಿತು.

ಡಿಸೆಂಬರ್ 2024ರ ಪರೀಕ್ಷೆ ನಡೆದದ್ದು 2025ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲಲ್ಲಿ. ಈ ಸಲ ಜೆಆರ್‌ಎಫ್ ಬಂತು. ಪ್ರಶಸ್ತಿ ಪತ್ರಕ್ಕೆ ಗಡುವು ಇರುತ್ತದೆ. ಅದರೊಳಗೆ ಪಿಎಚ್‌ಡಿಗೆ ಸೇರದಿದ್ದರೆ ಅದು ರದ್ದಿ ಕಾಗದ. "ಲಗ್ನಕ್ಕ ಮುಹೂರ್ತ ಮತ್ತ ಸಿಗತದ, ಇದಕ್ಕ ಸಿಗೂದಿಲ್ಲಂದ್ಳು. ಆ ಮಾತಿಗೆ ನಾ ಸುಮ್ಮನಾದೆ" ಎನ್ನುತ್ತಾರೆ ತಂದೆ.

ಜೆಎನ್‌ಯು ಏಕೆ?

1969ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದ ಹೆಸರು ಊರ ಕಡೆ ಕೇಳಿಬರುವುದು ರಾಜಕೀಯದ ಸುದ್ದಿಯಲ್ಲಿ. ವಿಜ್ಞಾನದ ಸುದ್ದಿ ಇತ್ತ ಬರುವುದೇ ಇಲ್ಲ. ಜೀವವಿಜ್ಞಾನ, ಜೈವಿಕ ತಂತ್ರಜ್ಞಾನ, ಕಂಪ್ಯೂಟರ್, ಇವೆರಡನ್ನೂ ಬೆಸೆಯುವ ಗಣಕ ಜೀವವಿಜ್ಞಾನ ಎಲ್ಲಕ್ಕೂ ಇಲ್ಲಿ ಬೇರೆ ಬೇರೆ ವಿಭಾಗಗಳಿವೆ. ಉಪವಾಸಕ್ಕೆ ತಿನ್ನುವ ರಾಜಗಿರಿ ಎಲ್ಲರಿಗೂ ಗೊತ್ತು. ಆ ಜಾತಿಯ ಗಿಡದಿಂದ ಪ್ರೋಟೀನಿನ ಜೀನ್ ತೆಗೆದು ಬಟಾಟೆಯಲ್ಲಿ ಸೇರಿಸಿ ತೋರಿಸಿದವರು ಇಲ್ಲಿಯ ಪ್ರಾಧ್ಯಾಪಕರಾಗಿದ್ದ ಆಶಿಸ್ ದತ್ತಾ. ಅವರು ಇದೇ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. ಕ್ಯಾಂಪಸ್ಸಿಗೆ ಹೊಂದಿಕೊಂಡೇ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆ, ರಾಷ್ಟ್ರೀಯ ರೋಗನಿರೋಧಕ ಶಾಸ್ತ್ರ ಸಂಸ್ಥೆಗಳಿವೆ. ಒಂದು ಕಡೆ ಜಾಗ ಸಿಗದಿದ್ದರೆ ಇನ್ನೊಂದು ಕಡೆ ಕೇಳಬಹುದು.

ಜೀವವಿಜ್ಞಾನಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಜೀವಿಯ ಜೀನೋಮ್ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಪುಸ್ತಕ ಇದ್ದಂತೆ. ಮನುಷ್ಯನದು ಸುಮಾರು 300 ಕೋಟಿ ಅಕ್ಷರ. ದಾಳಿಂಬೆಗೆ ತೇಲ್ಯಾ ತರುವ ಝ್ಯಾಂತೊಮೊನಾಸ್ ಬ್ಯಾಕ್ಟೀರಿಯದ್ದು ಸುಮಾರು 50 ಲಕ್ಷ. ಎರಡು ಊರಿನ ರೋಗಾಣುಗಳಲ್ಲಿ ಯಾವ ಅಕ್ಷರ ಬದಲಾಗಿದೆ, ಔಷಧಿ ಹೊಡೆದರೂ ಯಾವುದು ಉಳಿಯಿತು ಎಂಬುದನ್ನು ಕಣ್ಣಿನಿಂದ ಓದಿ ಹುಡುಕಲು ಆಗದು. ಅಲ್ಲಿ ಕಂಪ್ಯೂಟರ್ ಬೇಕು. ಆ ಪ್ರೋಗ್ರಾಂ ಬರೆಯುವವನಿಗೆ ಜೀವಶಾಸ್ತ್ರವೂ ಗೊತ್ತಿರಬೇಕು. ಎರಡೂ ಬಲ್ಲವರು ಕಡಿಮೆ ಇರುವುದರಿಂದಲೇ ಈ ವಿಭಾಗಗಳು ಗಣಿತ, ಭೌತಶಾಸ್ತ್ರ, ಕಂಪ್ಯೂಟರ್, ಜೀವವಿಜ್ಞಾನ ಎಲ್ಲ ಕಡೆಯವರಿಗೂ ಬಾಗಿಲು ತೆರೆದಿವೆ.

ಮಗಳು ತೇಲ್ಯಾಕ್ಕೆ ಔಷಧಿ ಹುಡುಕಿಕೊಂಡು ಬರುತ್ತಾಳೆ ಎಂದು ಊರವರು ಮಾತಾಡಿಕೊಳ್ಳುತ್ತಿದ್ದಾರೆ. ಹುಡುಗಿ ಅದನ್ನು ಒಪ್ಪುವುದಿಲ್ಲ. "ಹಂಗೇನಿಲ್ಲ. ಸೊಲ್ಲಾಪುರದಾಗ ದಾಳಿಂಬಿ ಸಂಶೋಧನಾ ಕೇಂದ್ರನ ಅದ, ಅಲ್ಲಿ ದೊಡ್ಡವರು ಎಷ್ಟೋ ವರ್ಷದಿಂದ ಕೆಲಸ ಮಾಡಾಕತ್ಯಾರ. ನಾ ಇನ್ನ ಪಾಠ ಕಲಿಯೂಕಿ. ಗಿಡದ ರೋಗದ ಕಡೆನ ವಿಷಯ ತಗೋಬೇಕಂತ ಮನಸ್ಸದ, ಅಷ್ಟ" ಎನ್ನುತ್ತಾಳೆ. ಪಿಎಚ್‌ಡಿಗೆ ಸೇರಿದವರು ಮೊದಲು ಕೋರ್ಸ್‌ವರ್ಕ್ ಮುಗಿಸಬೇಕು. ವಿಷಯ ಗಟ್ಟಿಯಾಗುವುದು ಆ ಮೇಲೆ.

ಕೇವಲ ಅಂಕ ಸಾಲದು

ಜೆಎನ್‌ಯುದಲ್ಲಿ 2024-25ರಿಂದ ಪಿಎಚ್‌ಡಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆಯ ಬದಲು ನೆಟ್ ಅಂಕಗಳನ್ನು ತೆಗೆದುಕೊಂಡರು. ನೆಟ್ ಪಾಸಾದ ಮಾತ್ರಕ್ಕೆ ಕರೆ ತಾನಾಗಿ ಬರುವುದಿಲ್ಲ. ವಿಶ್ವವಿದ್ಯಾಲಯದ ಪ್ರಕಟಣೆ ನೋಡಿ ಬೇರೆ ಅರ್ಜಿ ಹಾಕಬೇಕು, ಸಂದರ್ಶನಕ್ಕೆ ಹೋಗಬೇಕು. ಯುಜಿಸಿಯ ನಿಯಮದಂತೆ ನೆಟ್ ಫಲಿತಾಂಶದಲ್ಲಿ ಮೂರು ವರ್ಗಗಳಿವೆ: ಜೆಆರ್‌ಎಫ್ ಸಿಕ್ಕವರು, ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರು, ಪಿಎಚ್‌ಡಿಗೆ ಮಾತ್ರ ಅರ್ಹರು. ಜೆಆರ್‌ಎಫ್ ಇದ್ದವರಿಗೆ ಸಂದರ್ಶನವೇ ಮುಖ್ಯ. ಉಳಿದ ಇಬ್ಬರಿಗೆ ನೆಟ್ ಅಂಕಕ್ಕೆ 70 ಭಾಗ, ಸಂದರ್ಶನಕ್ಕೆ 30 ಭಾಗ. ಅವರ ಅಂಕ ಪ್ರವೇಶಕ್ಕೆ ನಡೆಯುವುದು ಒಂದೇ ವರ್ಷ.

ಒಬ್ಬ ಪ್ರೊಫೆಸರ್ ಕೈಕೆಳಗೆ ಹೆಚ್ಚೆಂದರೆ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಪಿಎಚ್‌ಡಿ ವಿದ್ಯಾರ್ಥಿಗಳು ಇರಬಹುದು. ಆದ್ದರಿಂದ ಯಾರ ಬಳಿ ಜಾಗ ಇದೆ, ಅವರ ಕೆಲಸ ಏನು ಎಂದು ಮೊದಲೇ ನೋಡಿಕೊಂಡು ಹೋದವರಿಗೆ ಅನುಕೂಲ. ಹುಡುಗಿ ಸಂದರ್ಶನಕ್ಕೆ ಮೊದಲು ಮೂವರು ಪ್ರಾಧ್ಯಾಪಕರ ಪ್ರಬಂಧಗಳನ್ನು ಓದಿಕೊಂಡು ಹೋಗಿದ್ದಳು. "ನಿಮ್ಮೂರಲ್ಲಿ ಏನು ಬೆಳೆಯುತ್ತಾರೆ?" ಎಂಬುದೂ ಒಂದು ಪ್ರಶ್ನೆಯಾಗಿತ್ತಂತೆ. ದಾಳಿಂಬೆ ಎಂದವಳು ತೇಲ್ಯಾದ ಬಗ್ಗೆ ಹತ್ತು ನಿಮಿಷ ಮಾತಾಡಿದಳು. ಇಂಗ್ಲಿಷ್ ತಡವರಿಸಿತು, ವಿಷಯ ತಡವರಿಸಲಿಲ್ಲ.

ಅಣ್ಣನ ಪಾಡು

ಕಾಕಾನ ಮಗನ ಕಥೆ ಇಷ್ಟು ಸುಗಮವಾಗಿಲ್ಲ. ಮರುಪರೀಕ್ಷೆಯಲ್ಲಿ ಆತ ಪಿಎಚ್‌ಡಿಗೆ ಅರ್ಹನಾದ, ಜೆಆರ್‌ಎಫ್ ಸಿಗಲಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಅಂಥವರಿಗೆ ನಾನ್-ನೆಟ್ ಫೆಲೋಷಿಪ್ ಉಂಟು, ತಿಂಗಳಿಗೆ 8 ಸಾವಿರ ರೂಪಾಯಿ. 2012ರಿಂದ ಇದ್ದಷ್ಟೇ ಇದೆ. "ಎಂಟು ಸಾವಿರದಾಗ ನಾ ಉಣಬೇಕೋ, ಅವ್ವನ ಗುಳಿಗಿಗೆ ಕಳಿಸಬೇಕೋ?" ಎಂಬುದು ಆತನ ಪ್ರಶ್ನೆ. ಪುಣೆಯ ಕೆಲಸ ಬಿಡಲಿಲ್ಲ. ರಾತ್ರಿ ಓದಿ ಮತ್ತೆ ನೆಟ್ ಬರೆಯುತ್ತಿದ್ದಾನೆ. ಯುಜಿಸಿ ಜೆಆರ್‌ಎಫ್‌ಗೆ ವಯೋಮಿತಿ 30, ಒಬಿಸಿಗೆ ಐದು ವರ್ಷ ಸಡಿಲಿಕೆ ಇರುವುದರಿಂದ ಇನ್ನೂ ಅವಕಾಶ ಇದೆ. ಸಂಶೋಧನಾ ಯೋಜನೆಗಳಲ್ಲಿ ಪ್ರಾಧ್ಯಾಪಕರೇ ತೆಗೆದುಕೊಳ್ಳುವ ಪ್ರಾಜೆಕ್ಟ್ ಹುದ್ದೆಗಳ ಜಾಹೀರಾತನ್ನೂ ನೋಡುತ್ತಿದ್ದಾನೆ.

ತಂಗಿ ದಿಲ್ಲಿಯಿಂದ ಜಾಹೀರಾತು ಕಂಡಾಗಲೆಲ್ಲ ಕಳಿಸುತ್ತಾಳೆ. ಊರಿನ ಇನ್ನೂ ಐದಾರು ಹುಡುಗ ಹುಡುಗಿಯರು ಆಕೆಗೆ ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಆಕೆ ಮೊದಲು ಕೇಳುವ ಪ್ರಶ್ನೆ ಒಂದೇ: "ಸೆಂಟ್ರಲ್ ಸರ್ಟಿಫಿಕೇಟ್ ತಗದೀಯೇನು?"

ಗಮನದಲ್ಲಿರಲಿ

* ಜೀವವಿಜ್ಞಾನ ಓದಿದವರಿಗೆ ಸಿಎಸ್‌ಐಆರ್ ನೆಟ್, ಕಂಪ್ಯೂಟರ್ ಓದಿದವರಿಗೆ ಯುಜಿಸಿ ನೆಟ್. ಬಯೊಟೆಕ್ನಾಲಜಿಯವರಿಗೆ ಇವಲ್ಲದೆ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಬಿಇಟಿ ಪರೀಕ್ಷೆಯೂ ಇದೆ.

* ಎಂಎಸ್ಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ ಶೇ 50 ಅಂಕ ಬೇಕು.

* ಪರಿಶಿಷ್ಟ ಜಾತಿ ಮತ್ತು ಹಿಂದುಳಿದ ವರ್ಗದವರಿಗೆ ನೆಟ್ ಆಧಾರದ ಮೇಲೆ ರಾಷ್ಟ್ರೀಯ ಫೆಲೋಷಿಪ್‌ಗಳಿವೆ. ಪರಿಶಿಷ್ಟ ಪಂಗಡದವರಿಗೂ ಬೇರೆ ಫೆಲೋಷಿಪ್ ಇದೆ.

* ಮಹಾರಾಷ್ಟ್ರದ ವಿಜೆ-ಎನ್‌ಟಿ ವರ್ಗದವರು ತಮ್ಮ ಸಮಾಜದ ಹೆಸರು ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಬೇಕು. ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ಅರ್ಜಿಯ ದಿನಾಂಕ ಬಂದ ಮೇಲೆ ಓಡಾಡಿದರೆ ಆಗದು.

* ಹೆಸರು, ಅಡ್ಡಹೆಸರು ಶಾಲೆಯ ದಾಖಲೆ, ಆಧಾರ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಒಂದೇ ರೀತಿ ಇರಲಿ.

* ಈ ಫೆಲೋಷಿಪ್‌ಗಳಿಗೆ ಯಾವ ರಾಜ್ಯದವರು, ಯಾವ ಮಾಧ್ಯಮದಲ್ಲಿ ಕಲಿತವರು ಎಂಬ ಅಡ್ಡಿ ಇಲ್ಲ. ಫೆಲೋಷಿಪ್ ಕೊಡಿಸುತ್ತೇವೆ ಎಂದು ಹಣ ಕೇಳುವವರನ್ನು ನಂಬಬಾರದು.

ಜೆಎನ್‌ಯು ಹಾಸ್ಟೆಲ್‌ಗಳಿಗೆಲ್ಲ ನದಿಗಳ ಹೆಸರು. ಕಾವೇರಿ ಇದೆ, ಗೋದಾವರಿ ಇದೆ. ವಿಶ್ವವಿದ್ಯಾಲಯದಲ್ಲಿ ಕನ್ನಡ ಪೀಠವಿದೆ, ಹತ್ತಿರದ ಆರ್.ಕೆ. ಪುರಂನಲ್ಲಿ ದಿಲ್ಲಿ ಕರ್ನಾಟಕ ಸಂಘವಿದೆ. ಹೀಗಾಗಿ ಕನ್ನಡ ಕೇಳಬೇಕೆನಿಸಿದರೆ ದೂರ ಹೋಗಬೇಕಿಲ್ಲ. ಹುಡುಗಿಗೆ ಸಿಕ್ಕದ್ದು ಕೊಯ್ನಾ ಹಾಸ್ಟೆಲ್.

ಮಿರಜದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿಸಲು ಹೋಗಿದ್ದ ತಂದೆ ಇದನ್ನು ಕೇಳಿದ ದಿನದಿಂದ ಎಲ್ಲರಿಗೂ ಒಂದೇ ಮಾತು ಹೇಳುತ್ತಾರೆ. ಕೊಯ್ನೆ ಕರಾಡದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ಕೃಷ್ಣೆಯ ನೀರು ಮ್ಹೈಸಾಳ ಯೋಜನೆಯಿಂದ ತಮ್ಮ ಹೊಲಕ್ಕೆ ಬಂದೀತೆಂದು ಅವರು ಕಾಯುತ್ತ ಬಂದು ಎಷ್ಟೋ ವರ್ಷವಾಯಿತು.

"ಕೊಯ್ನಾ ನಮ್ಮ ಹೊಲಕ್ಕ ಬರೂಕಿಂತ ಮೊದಲ ನನ್ನ ಮಗಳು ಕೊಯ್ನಾ ಮುಟ್ಟಿದಳ್ರಿ" ಎನ್ನುತ್ತಾರೆ.